ಪೆಟ್ರೋಲಿಯಂ ಇಲ್ಲದ ನಾಡಿನಲ್ಲಿ ಉಗಿಬಂಡಿ ದುಡಿಯಬಲ್ಲದೇ, ಕಾದಬಲ್ಲದೇ?

ಮಸಿಕುಡಿಕೆ

ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರ ನಾಡಿನಲ್ಲಿ ಕಲ್ಲಿದ್ದಲು ಬೇಕಾದಷ್ಟಿದೆ, ಕಾಡು ದಟ್ಟವಾಗಿದೆ, ಕಬ್ಬಿಣದ ಕುಲುಮೆಗಳಿವೆ. ಆದರೆ ನೆಲದಡಿ ತೊಟ್ಟು ಪೆಟ್ರೋಲಿಯಂ ಕೂಡ ಇಲ್ಲ. ರೈಲು ಇದೆ. ನನಗೆ ಬೇಕಿರುವುದು ಹಳಿಯ ಹಂಗಿಲ್ಲದೆ ಓಡುವ ಉಗಿಬಂಡಿಗಳು: ಗಣಿಯಿಂದ ಅದಿರು ತರಲು, ಕಾಡಿನಿಂದ ದಿಮ್ಮಿ ಎಳೆಯಲು, ಮುಂದೆ ಯುದ್ಧ ಬಂದಾಗ ಫಿರಂಗಿ ಸಾಗಿಸಲು. ಸಾಧ್ಯವಾದರೆ ಉಕ್ಕಿನ ಕವಚ ತೊಟ್ಟು ಶತ್ರುವಿನ ಕಂದಕ ದಾಟುವ ಒಂದು ಬಂಡಿಯೂ ಬೇಕು.

ಉಗಿಯಂತ್ರ ಭಾರ, ನಿಧಾನ, ಅದಕ್ಕೇ ಹಿಂದೆ ಬಿತ್ತು ಎಂಬ ಮಾತನ್ನು ಎಲ್ಲೆಡೆ ಓದಿದ್ದೇನೆ. ಅಷ್ಟನ್ನೇ ನಂಬಿ ಕಥೆ ಕಟ್ಟಲು ಮನಸ್ಸಿಲ್ಲ. ದಿನದ ಕೆಲಸದಲ್ಲಿ ಮೊದಲು ಕೈಕೊಡುವುದು ಯಾವುದು? ಯುದ್ಧದಲ್ಲಿ ಇವನ್ನು ಯಾರಾದರೂ ನಿಜವಾಗಿ ಬಳಸಿದ್ದಾರೆಯೇ? ಬಾಯ್ಲರ್ ಬಳಿ ದುಡಿದವರು, ಸೇನಾ ಇತಿಹಾಸ ಓದಿದವರು ಇದ್ದರೆ ದಯವಿಟ್ಟು ಬಿಡಿಸಿ ಬರೆಯಿರಿ.

ಬಾಯ್ಲರ್‌ಮನೆ

ಮೊದಲು ಕೈಕೊಡುವುದು ನೀರು. ಭಾರವೂ ಅಲ್ಲ, ವೇಗವೂ ಅಲ್ಲ. ನಿವೃತ್ತನಾಗುವವರೆಗೆ ಕಾರ್ಖಾನೆಯೊಂದರ ಕಲ್ಲಿದ್ದಲಿನ ಬಾಯ್ಲರ್ ನೋಡಿಕೊಂಡವನು ನಾನು. ಕಲ್ಲಿದ್ದಲು ಮುಗಿದೀತು ಎಂಬ ಭಯ ಪಾಳಿಯಲ್ಲಿ ಯಾರಿಗೂ ಇರಲಿಲ್ಲ. ಎಲ್ಲರ ಕಣ್ಣೂ ಗೇಜ್ ಗ್ಲಾಸಿನ, ಅಂದರೆ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ, ಮೇಲೆಯೇ.

ಲೆಕ್ಕ ಹಾಕಿ ನೋಡಿ. ಹಳೆಯ ಮಾದರಿಯ ಎಳೆಯಂತ್ರವೊಂದು (ರಸ್ತೆಯಲ್ಲಿ ಭಾರ ಎಳೆಯುವ ಉಗಿಬಂಡಿ) ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕೊಡಬೇಕಾದರೆ 10ರಿಂದ 15 ಕಿಲೋ ಹಬೆ ಬೇಕು. 12 ಎಂದೇ ಹಿಡಿಯೋಣ. 50 ಅಶ್ವಶಕ್ತಿಯ ಬಂಡಿ ಪೂರ್ಣ ಬಲದಿಂದ ಎಳೆದರೆ ಗಂಟೆಗೆ 600 ಲೀಟರ್ ನೀರು ಖರ್ಚು. ಒಂದು ಕಿಲೋ ಒಳ್ಳೆಯ ಕಲ್ಲಿದ್ದಲು ಆರೆಂಟು ಕಿಲೋ ನೀರನ್ನು ಹಬೆ ಮಾಡುತ್ತದೆ. ಹಾಗಾಗಿ ಕಲ್ಲಿದ್ದಲು ಗಂಟೆಗೆ 85 ಕಿಲೋ ಆಸುಪಾಸು. ಐದು ಗಂಟೆಯ ಕೆಲಸಕ್ಕೆ ನಾನೂರು ಚಿಲ್ಲರೆ ಕಿಲೋ ಕಲ್ಲಿದ್ದಲನ್ನು ಬಂಡಿಯಲ್ಲೇ ಹೊರಬಹುದು. 3,000 ಲೀಟರ್ ನೀರನ್ನು ಹೊರುವುದು ಹೇಗೆ? ಹೊತ್ತರೆ ಸರಕಿನ ಜಾಗವನ್ನು ನೀರೇ ತಿನ್ನುತ್ತದೆ, ಹೊರದಿದ್ದರೆ ದಾರಿಯುದ್ದಕ್ಕೂ ನಿಲ್ಲಬೇಕು.

ಎಂಥ ನೀರು ಎಂಬುದು ಇನ್ನೊಂದು ತಲೆನೋವು. ಗಡಸು ನೀರು ಹಾಕಿದರೆ ಕೊಳವೆಗಳ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಶಾಖ ನೀರಿಗೆ ದಾಟದೆ ಲೋಹವೇ ಕಾದು ಸೊರಗುತ್ತದೆ. ಕೆಸರು ನೀರು ಹಾಕಿದರೆ ಬಾಯ್ಲರ್ ಒಳಗೆ ನೊರೆಯೆದ್ದು ಹಬೆಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ. ನೀರು ಕುಗ್ಗುವ ವಸ್ತುವಲ್ಲ. ಪಿಸ್ಟನ್ ಅದನ್ನು ಒತ್ತಿದಾಗ ಸಿಲಿಂಡರಿನ ಮುಚ್ಚಳವೇ ಒಡೆದುಹೋಗಬಹುದು.

ಮೇಡಂ, ನಿಮ್ಮ ನಾಡಿನ ನಕ್ಷೆಯಲ್ಲಿ ರಸ್ತೆಗಳಿಗಿಂತ ಮೊದಲು ಕೆರೆ, ಬಾವಿ, ಹಳ್ಳಗಳನ್ನು ಗುರುತಿಸಿ. ಉಗಿಬಂಡಿ ಎಲ್ಲಿಗೆ ಹೋಗಬಲ್ಲದು ಎಂಬುದು ಆಗ ತಾನಾಗಿ ಕಾಣುತ್ತದೆ.

ಹಳೆಗಾಲಿ

ಬಾಯ್ಲರ್‌ಮನೆ ಸರ್ ಹೇಳಿದ್ದು ಸರಿ, ಆದರೆ ನೀರಿನ ಮೇಲೇ ಎಲ್ಲ ಹೊಣೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಉಗಿಬಂಡಿಯನ್ನು ಹಲವು ಬಾರಿ ತಡೆದದ್ದು ಮನುಷ್ಯರು.

ಈ ಬಂಡಿ ಹುಟ್ಟಿದ್ದೇ ಸೈನ್ಯಕ್ಕಾಗಿ ಎಂಬುದನ್ನು ನೆನಪಿಡಿ. ಫ್ರಾನ್ಸಿನ ನಿಕೊಲಾ ಕುನ್ಯೋ 1769ರಲ್ಲಿ ಚಿಕ್ಕ ಮಾದರಿಯನ್ನೂ ಮರುವರ್ಷ ಪೂರ್ಣ ಗಾತ್ರದ ಮೂರು ಗಾಲಿಯ ಬಂಡಿಯನ್ನೂ ಮಾಡಿದ್ದು ಫಿರಂಗಿ ಸಾಗಿಸಲೆಂದು. ಬಾಯ್ಲರ್ ಪೂರ್ತಿ ಮುಂಗಾಲಿಯ ಮುಂದೆ ತೂಗುತ್ತಿತ್ತು. ವೇಗ ಗಂಟೆಗೆ ಸುಮಾರು 4 ಕಿ.ಮೀ., ಅದೂ ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಿಂತು ಉಗಿ ಕೂಡಿಸಿಕೊಳ್ಳುತ್ತಾ. ದೋಷಗಳಿದ್ದವು ನಿಜ, ಆದರೆ ಅವುಗಳನ್ನು ತಿದ್ದುವ ಅವಕಾಶವೇ ಸಿಗಲಿಲ್ಲ. ಬೆಂಬಲವಾಗಿದ್ದ ಮಂತ್ರಿ ಶ್ವಾಸಲ್ 1770ರ ಕೊನೆಯಲ್ಲಿ ಅಧಿಕಾರ ಕಳೆದುಕೊಂಡ, ಯೋಜನೆ ಮೂಲೆ ಸೇರಿತು. ಆ ಬಂಡಿ ಇವತ್ತಿಗೂ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿದೆ.

1830ರ ದಶಕದಲ್ಲಿ ವಾಲ್ಟರ್ ಹ್ಯಾನ್‌ಕಾಕ್ ಲಂಡನ್ನಿನ ಬೀದಿಗಳಲ್ಲಿ ಉಗಿ ಬಸ್ಸುಗಳನ್ನು ಓಡಿಸಿ ಸಾವಿರಾರು ಜನರನ್ನು ಸಾಗಿಸಿದ. 1831ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿ ಈ ಬಂಡಿಗಳು ಕೆಲಸಕ್ಕೆ ಬರುತ್ತವೆ ಎಂದೇ ವರದಿ ಕೊಟ್ಟಿತ್ತು. ಆದರೂ ರಸ್ತೆ ಸುಂಕ ನೋಡಿ: ಲಿವರ್‌ಪೂಲ್‌ನಿಂದ ಪ್ರೆಸ್ಕಟ್‌ಗೆ ಹೋಗುವ ದಾರಿಯಲ್ಲಿ ಕುದುರೆ ಕೋಚಿಗೆ 4 ಶಿಲಿಂಗ್, ಉಗಿಬಂಡಿಗೆ 2 ಪೌಂಡ್ 8 ಶಿಲಿಂಗ್. 1865ರ ಕಾಯ್ದೆ ಬಂದ ಮೇಲೆ ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿ ಮಿತಿ, ಜೊತೆಗೆ ಬಂಡಿಗಿಂತ 60 ಗಜ ಮುಂದೆ ಕೆಂಪು ಬಾವುಟ ಹಿಡಿದು ನಡೆಯುವ ಒಬ್ಬ ಮನುಷ್ಯ. ಯಾವ ಯಂತ್ರ ಬೆಳೆದೀತು?

ನಿಮ್ಮ ನಾಡಿನ ಸರ್ಕಾರ ಇದರ ಬೆನ್ನಿಗೆ ನಿಂತರೆ, ಹತ್ತು ಮೈಲಿಗೊಂದು ನೀರಿನ ತೊಟ್ಟಿ ಕಟ್ಟಿಸಿದರೆ, ನೀರಿನ ಸಮಸ್ಯೆ ಅರ್ಧಕ್ಕರ್ಧ ಆಡಳಿತದ ಸಮಸ್ಯೆಯಾಗುತ್ತದೆ.

ದಂಡಯಾತ್ರೆ

ತೊಟ್ಟಿ ಕಟ್ಟಿಸುವ ಮಾತು ಗಣಿಯ ರಸ್ತೆಗೆ ಸರಿ. ಶತ್ರುವಿನ ನೆಲದಲ್ಲಿ ತೊಟ್ಟಿ ಕಟ್ಟಿಸುವವರು ಯಾರು?

ಯುದ್ಧದಲ್ಲಿ ಬಳಸಿದ್ದಾರೆಯೇ ಎಂದು ಕೇಳಿದ್ದಿರಿ. ಬಳಸಿದ್ದಾರೆ, ಅನೇಕರು ಊಹಿಸುವುದಕ್ಕಿಂತ ಹೆಚ್ಚಾಗಿಯೇ. 1870–71ರ ಫ್ರಾಂಕೊ–ಪ್ರಷ್ಯನ್ ಯುದ್ಧದಲ್ಲಿ ಜರ್ಮನ್ನರ ಬಳಿ ಇಂಗ್ಲೆಂಡಿನ ಫೌಲರ್ ಕಂಪನಿಯ ಎರಡು ಎಳೆಯಂತ್ರಗಳಿದ್ದವು. ಬ್ರಿಟಿಷ್ ಸೇನೆಯ ಎಂಜಿನಿಯರ್ ದಳ 1871ರಲ್ಲಿ ಏವ್ಲಿಂಗ್ ಅಂಡ್ ಪೋರ್ಟರ್ ಕಂಪನಿಯ ‘ಸ್ಟೀಮ್ ಸ್ಯಾಪರ್’ ಕೊಂಡಿತು. ಅದೇ ಕಾಲಕ್ಕೆ ಕ್ರಾಂಪ್ಟನ್ ಎಂಬ ಯುವ ಸೇನಾಧಿಕಾರಿ ಭಾರತದ ರಸ್ತೆಗಳಿಗಾಗಿ ಥಾಮ್ಸನ್ ಎಂಬಾತ ರೂಪಿಸಿದ ರಬ್ಬರ್ ಗಾಲಿಯ ಉಗಿಬಂಡಿಗಳನ್ನು ತಯಾರು ಮಾಡಿಸಿದ. ‘ಚೆನಾಬ್’, ‘ರಾವಿ’ ಎಂದು ಅವುಗಳಿಗೆ ಪಂಜಾಬಿನ ನದಿಗಳ ಹೆಸರು. ‘ರಾವಿ’ ಬಂಡಿಯನ್ನು ಪರೀಕ್ಷೆಗಾಗಿ ಇಪ್ಸ್‌ವಿಚ್‌ನಿಂದ ಎಡಿನ್‌ಬರೋಗೆ ಓಡಿಸಿ ಹಿಂದಕ್ಕೂ ತಂದರು. ನಿಜವಾದ ಒರೆಗಲ್ಲು ದಕ್ಷಿಣ ಆಫ್ರಿಕಾದಲ್ಲಿ ನಡೆದ 1899–1902ರ ಬೋಯರ್ ಯುದ್ಧ. ಅಲ್ಲಿ ಬ್ರಿಟಿಷರು ಉಗಿ ರಸ್ತೆ ಸಾರಿಗೆಗೆಂದೇ ಒಂದು ತುಕಡಿ ಕಟ್ಟಿದರು, ಫೌಲರ್ ಕಂಪನಿ ಉಕ್ಕಿನ ಕವಚ ಹೊದಿಸಿದ ಎಂಜಿನ್ನುಗಳನ್ನೂ ಮಾಡಿಕೊಟ್ಟಿತು.

ಇವೆಲ್ಲದರಲ್ಲೂ ಕಾಣುವ ಒಂದು ಸಂಗತಿ ನೋಡಿ. ಉಗಿಬಂಡಿ ಕಾದಲಿಲ್ಲ, ಎಳೆಯಿತು. ರೈಲು ಮುಗಿಯುವ ಜಾಗದಿಂದ ದಂಡು ಬೀಡುಬಿಟ್ಟ ಜಾಗದವರೆಗೆ ಭಾರ ಸಾಗಿಸುವುದೇ ಅದರ ಪಾತ್ರ. ಆ ಪಾತ್ರದಲ್ಲಿ ಅದು ಬೆಲೆಬಾಳುತ್ತದೆ. ಎತ್ತು, ಹೇಸರಗತ್ತೆಗಳು ದುಡಿಯದ ದಿನವೂ ಮೇವು ತಿನ್ನುತ್ತವೆ, ರೋಗಕ್ಕೆ ಸಾಯುತ್ತವೆ. ಬೆಂಕಿ ಆರಿಸಿ ನಿಲ್ಲಿಸಿದ ಎಂಜಿನ್ ಏನೂ ತಿನ್ನುವುದಿಲ್ಲ.

ಕವಚದ ಬಂಡಿಯ ವಿಷಯಕ್ಕೆ ಬಂದರೆ, 1918ರಲ್ಲಿ ಅಮೆರಿಕದ ಸೇನಾ ಎಂಜಿನಿಯರರು ಉಗಿ ಟ್ಯಾಂಕನ್ನೇ ಕಟ್ಟಿದರು. ಸುಮಾರು 50 ಟನ್ ತೂಕ, ಎರಡು ಉಗಿ ಎಂಜಿನ್ನು ಸೇರಿ 500 ಅಶ್ವಶಕ್ತಿ, ಮುಂದೆ ಬೆಂಕಿ ಉಗುಳುವ ಆಯುಧ. ವೇಗ ಗಂಟೆಗೆ 6 ಕಿ.ಮೀ. ಆಸುಪಾಸು. ಒಂದೇ ಒಂದು ತಯಾರಾಯಿತು, ಮುಂದುವರಿಯಲಿಲ್ಲ. ಎರಡು ವರ್ಷ ಮೊದಲೇ ಬ್ರಿಟಿಷರ ಮಾರ್ಕ್ 1 ಟ್ಯಾಂಕು 28 ಟನ್ ತೂಕವನ್ನು 105 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನಿನಿಂದ ಎಳೆದು ಕಂದಕ ದಾಟಿತ್ತು.

ಕಾಡುದಾರಿ

ಯುದ್ಧದ ಮಾತು ಸ್ವಲ್ಪ ಬದಿಗಿರಲಿ. ದಿಮ್ಮಿ ಎಳೆಯುವ ಪ್ರಶ್ನೆಗೆ ಇತಿಹಾಸದಲ್ಲಿ ಸೊಗಸಾದ ಉತ್ತರವಿದೆ, ಅದನ್ನು ಯಾರೂ ಹೇಳಲಿಲ್ಲ.

ಅಮೆರಿಕದ ಮೇನ್ ರಾಜ್ಯದ ಆಲ್ವಿನ್ ಲೊಂಬಾರ್ಡ್ 1901ರಲ್ಲಿ ಪೇಟೆಂಟ್ ಪಡೆದ ದಿಮ್ಮಿಬಂಡಿ ಅದು. ಹಿಂದೆ ಗಾಲಿಗಳ ಬದಲು ಉಕ್ಕಿನ ಸರಪಳಿ ಪಟ್ಟಿ, ಮುಂದೆ ಹಿಮದ ಮೇಲೆ ಜಾರುವ ಹಲಗೆಗಳು, ನಡುವೆ ರೈಲು ಎಂಜಿನ್ನಿನಂಥದೇ ಬಾಯ್ಲರ್. ಟ್ಯಾಂಕು ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲೇ ಸರಪಳಿ ಪಟ್ಟಿಯ ಉಗಿಬಂಡಿ ಕೂಲಿಗೆ ನಿಂತಿತ್ತು! ಇಂಥವು 80ಕ್ಕೂ ಹೆಚ್ಚು ತಯಾರಾದವು. ಚಳಿಗಾಲದ ರಾತ್ರಿ ದಾರಿಗೆ ನೀರು ಚಿಮುಕಿಸಿ ಮಂಜುಗಡ್ಡೆ ಕಟ್ಟಿಸುತ್ತಿದ್ದರು, ಬೆಳಗ್ಗೆ ಒಂದರ ಹಿಂದೊಂದು ಜೋಡಿಸಿದ ಜಾರುಬಂಡಿಗಳ ಸಾಲನ್ನು ಇದು ಎಳೆಯುತ್ತಿತ್ತು. ಚುಕ್ಕಾಣಿ ಹಿಡಿದವನು ಬಾಯ್ಲರಿನ ಮುಂದೆ ಬಯಲಿನಲ್ಲಿ ಕುಳಿತಿರಬೇಕು. ಬ್ರೇಕ್ ಇಲ್ಲ. ಇಳಿಜಾರಿನಲ್ಲಿ ಹಿಂದಿನ ದಿಮ್ಮಿಗಳು ಮೈಮೇಲೆ ಬರದಿರಲೆಂದು ದಾರಿಗೆ ಹುಲ್ಲು ಹರಡುತ್ತಿದ್ದರು. ಆ ಮನುಷ್ಯನ ಧೈರ್ಯ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಿಮ್ಮ ಕಾದಂಬರಿಗೆ ಒಬ್ಬ ನಾಯಕ ಬೇಕಿದ್ದರೆ ಅವನೇ ಸಾಕು.

ಕ್ಯಾಲಿಫೋರ್ನಿಯಾದ ಬೆಂಜಮಿನ್ ಹೋಲ್ಟ್ 1904ರಲ್ಲಿ ತನ್ನ ಉಗಿ ಟ್ರ್ಯಾಕ್ಟರಿನ ಗಾಲಿ ಕಳಚಿ ಸರಪಳಿ ಪಟ್ಟಿ ತೊಡಿಸಿದ. ಅಲ್ಲಿನ ನದಿಮುಖದ ಮೆತ್ತನೆಯ ಮಣ್ಣಿನಲ್ಲಿ ಗಾಲಿಗಳು ಹೂತುಹೋಗುತ್ತಿದ್ದವು. ಕೆಲವೇ ವರ್ಷಗಳಲ್ಲಿ ಅವನು ಪೆಟ್ರೋಲ್ ಎಂಜಿನ್ನಿಗೆ ಬದಲಾದ, ಆ ಪೆಟ್ರೋಲ್ ಟ್ರ್ಯಾಕ್ಟರುಗಳೇ ಮೊದಲ ಮಹಾಯುದ್ಧದಲ್ಲಿ ಫಿರಂಗಿ ಎಳೆದವು. ಪಟ್ಟಿ ಉಗಿಯ ಕಾಲದ್ದು, ಉಳಿದದ್ದು ಪಟ್ಟಿ ಮಾತ್ರ.

ಹೊಲದ ವಿಷಯದಲ್ಲಿ ಜಾನ್ ಫೌಲರ್ ಮಾಡಿದ್ದು ಇನ್ನೂ ಜಾಣತನದ ಕೆಲಸ. ಎಂಜಿನ್ನನ್ನು ಹೊಲಕ್ಕೆ ಇಳಿಸಲೇ ಇಲ್ಲ. ಎರಡು ಬದಿಯ ಗಟ್ಟಿ ನೆಲದಲ್ಲಿ ಎರಡು ಎಂಜಿನ್ನು ನಿಲ್ಲಿಸಿ, ನಡುವೆ ಉಕ್ಕಿನ ಹಗ್ಗದಿಂದ ನೇಗಿಲನ್ನು ಅತ್ತಿತ್ತ ಎಳೆಸಿದ. ಭಾರವೆಂಬ ದೂರಿಗೆ ಆತ ಕೊಟ್ಟ ಉತ್ತರ ಇದು. ಹಗ್ಗ ಸುತ್ತುವ ಇದೇ ಉರುಳೆಯನ್ನು ಎಳೆಬಂಡಿಗಳಲ್ಲೂ ಇಟ್ಟರು. ತಾನು ದಾಟಿ ಆಚೆ ದಡದಲ್ಲಿ ನಿಂತು, ಕೆಸರಿನಲ್ಲಿ ಸಿಕ್ಕಿದ ಬಂಡಿಯನ್ನು ಎಳೆದುಕೊಳ್ಳಬಹುದು. ಫಿರಂಗಿಗೂ ಇದೇ ಉಪಾಯ.

ಮಸಿಕುಡಿಕೆ

ಕಾಡುದಾರಿ ಅವರೇ, ಆ ಚುಕ್ಕಾಣಿಯವನು ಖಂಡಿತ ಬರುತ್ತಾನೆ.

ಒಂದು ಪ್ರಶ್ನೆ ಉಳಿಯಿತು. ಹೊರಹೋಗುವ ಉಗಿಯನ್ನು ತಂಪು ಮಾಡಿ ಮತ್ತೆ ನೀರಾಗಿಸಿದರೆ ಬಾಯ್ಲರ್‌ಮನೆ ಸರ್ ಹೇಳಿದ ತೊಂದರೆ ತೀರುವುದಿಲ್ಲವೇ? 1920ರ ದಶಕದ ಡೋಬಲ್ ಎಂಬ ಉಗಿ ಕಾರು ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಹೊರಡುತ್ತಿತ್ತು, ನೂರಾರು ಮೈಲಿ ನೀರು ಕೇಳುತ್ತಿರಲಿಲ್ಲ ಎಂದು ಓದಿದ್ದೇನೆ. ಅಂಥದನ್ನೇ ದೊಡ್ಡದು ಮಾಡಿ ಕವಚ ತೊಡಿಸಿದರೆ?

ತಾಪಮಾನ

ಬಾಯ್ಲರ್‌ಮನೆ ಅವರ ಅಂಕಿಗಳನ್ನೇ ತೆಗೆದುಕೊಳ್ಳುತ್ತೇನೆ. ಗಂಟೆಗೆ 600 ಕಿಲೋ ಉಗಿಯನ್ನು ಮರಳಿ ನೀರಾಗಿಸಬೇಕು. ಒಂದು ಕಿಲೋ ಉಗಿ ನೀರಾಗುವಾಗ ಬಿಟ್ಟುಕೊಡುವ ಶಾಖ ಸುಮಾರು 2,257 ಕಿಲೋಜೂಲ್. ಒಟ್ಟು ಲೆಕ್ಕ 376 ಕಿಲೋವ್ಯಾಟ್ ಆಗುತ್ತದೆ. ಎಂಜಿನ್ನಿನಿಂದ ನಮಗೆ ಸಿಗುತ್ತಿರುವ ಕೆಲಸ 50 ಅಶ್ವಶಕ್ತಿ, ಅಂದರೆ 37 ಕಿಲೋವ್ಯಾಟ್. ಸಿಕ್ಕ ಕೆಲಸದ ಹತ್ತು ಪಟ್ಟು ಶಾಖವನ್ನು ಗಾಳಿಗೆ ಚೆಲ್ಲಬೇಕು!

ಪೆಟ್ರೋಲ್ ಎಂಜಿನ್ನಿಗೆ ಈ ಕಷ್ಟವಿಲ್ಲ. ಅದರ ವ್ಯರ್ಥ ಶಾಖದಲ್ಲಿ ದೊಡ್ಡ ಪಾಲು ಹೊಗೆಕೊಳವೆಯಿಂದಲೇ ಹೋಗಿಬಿಡುತ್ತದೆ. ರೇಡಿಯೇಟರಿನ ಪಾಲಿಗೆ ಬರುವುದು ಎಂಜಿನ್ನಿನ ಕೆಲಸಕ್ಕೆ ಹೆಚ್ಚುಕಡಿಮೆ ಸಮನಾದಷ್ಟು ಮಾತ್ರ. ಹೆಚ್ಚು ಒತ್ತಡ, ಹೆಚ್ಚು ಉಷ್ಣತೆಯ ಒಳ್ಳೆಯ ಉಗಿ ಎಂಜಿನ್ನಿನಲ್ಲಿ ಈ ಹತ್ತು ಪಟ್ಟು ಅರ್ಧಕ್ಕೆ ಇಳಿಯಬಹುದು. ಆಗಲೂ ಉಗಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್ ದೊಡ್ಡದೇ. ಕಾರಿಗೆ ಸಾಧ್ಯವಾಯಿತು, ಏಕೆಂದರೆ ಕಾರು ಬಹುಪಾಲು ಹೊತ್ತು ತನ್ನ ಪೂರ್ಣ ಶಕ್ತಿಯ ಚಿಕ್ಕ ಭಾಗವನ್ನಷ್ಟೇ ಬಳಸುತ್ತದೆ, ಎದುರುಗಾಳಿಯೂ ಚೆನ್ನಾಗಿ ಬಡಿಯುತ್ತದೆ. ಕೆಸರಿನಲ್ಲಿ ತೆವಳುವ ಟ್ಯಾಂಕು ಪೂರ್ಣ ಶಕ್ತಿ ಸುರಿಯುತ್ತಾ ಮನುಷ್ಯ ನಡೆಯುವ ವೇಗದಲ್ಲಿ ಸಾಗುತ್ತದೆ. ಅದಕ್ಕೆ ಗಾಳಿ ಬೇಕೆಂದರೆ ಫ್ಯಾನು, ಕವಚದಲ್ಲಿ ಅಗಲವಾದ ಕಿಂಡಿಗಳು. ಆ ಕಿಂಡಿಗಳಿಗೇ ಶತ್ರು ಗುರಿಯಿಡುತ್ತಾನೆ.

ಇನ್ನೂ ಎರಡು ತೊಡಕು. ಹಳೆಯ ಎಂಜಿನ್ನುಗಳು ಹೊರಹೋಗುವ ಉಗಿಯನ್ನು ಚಿಮಣಿಗೆ ಊದಿ ಅದರ ರಭಸದಿಂದಲೇ ಬೆಂಕಿಗೆ ಗಾಳಿ ಸೆಳೆಯುತ್ತವೆ. ಆ ಉಗಿಯನ್ನು ಹಿಡಿದಿಟ್ಟರೆ ಬೆಂಕಿ ಮಂಕಾಗುತ್ತದೆ, ಅದಕ್ಕೂ ಬೇರೆ ಫ್ಯಾನು ಬೇಕು. ಸಿಲಿಂಡರಿಗೆ ಹಾಕಿದ ಎಣ್ಣೆ ಉಗಿಯ ಜೊತೆ ಮರಳಿ ಬಾಯ್ಲರಿಗೆ ಬಂದು ಸೇರುತ್ತದೆ, ಸೋಸದಿದ್ದರೆ ಕೊಳವೆ ಹಾಳು.

ಹಾಗೆಂದು ಕಂಡೆನ್ಸರ್ ನಿಷ್ಪ್ರಯೋಜಕವಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ತಮ್ಮ 52ನೇ ಶ್ರೇಣಿಯ ರೈಲು ಎಂಜಿನ್ನುಗಳಲ್ಲಿ ಕೆಲವಕ್ಕೆ ಇಡೀ ಟೆಂಡರನ್ನೇ (ಕಲ್ಲಿದ್ದಲು, ನೀರು ಹೊರುವ ಹಿಂಬಂಡಿ) ಕಂಡೆನ್ಸರ್ ಮಾಡಿ ನೀರಿನ ಅನುಕೂಲವಿಲ್ಲದ ಪೂರ್ವದ ಮಾರ್ಗಗಳಿಗೆಂದು ಸಿದ್ಧಪಡಿಸಿದರು. ಹಳಿಯ ಮೇಲೆ ಅಷ್ಟು ಉದ್ದದ ಇನ್ನೊಂದು ಬಂಡಿ ಎಳೆಯುವುದು ಕಷ್ಟವಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆಯೇ ಇದೆ. ಡೋಬಲ್ ಕಾರು ಸುಟ್ಟದ್ದು ಸೀಮೆಎಣ್ಣೆ. 1906ರಲ್ಲಿ ಗಂಟೆಗೆ 200 ಕಿ.ಮೀ. ದಾಟಿದ ಸ್ಟಾನ್ಲಿ ಉಗಿ ರೇಸ್ ಕಾರಾಗಲಿ, ದಂಡಯಾತ್ರೆ ಅವರು ಹೇಳಿದ ಉಗಿ ಟ್ಯಾಂಕಾಗಲಿ ಸುಟ್ಟದ್ದೂ ದ್ರವ ಇಂಧನವನ್ನೇ. ಡೋಬಲ್‌ನಂಥ ಸುರುಳಿ ಕೊಳವೆಯ ಬಾಯ್ಲರಿನಲ್ಲಿ ನೀರು ಬಹಳ ಕಡಿಮೆ ಇರುವುದರಿಂದ ಬೆಂಕಿಯನ್ನು ಕ್ಷಣಕ್ಷಣಕ್ಕೂ ಏರಿಸಿ ಇಳಿಸಬೇಕು. ಸಿಂಪಡಿಸುವ ಎಣ್ಣೆಯಲ್ಲಿ ಅದು ಸುಲಭ, ಉರಿಯುವ ಕಲ್ಲಿದ್ದಲಿನ ರಾಶಿಯಲ್ಲಿ ಆಗದ ಮಾತು. ಪೆಟ್ರೋಲಿಯಂ ಇಲ್ಲದ ನಾಡಿಗೆ ಆ ದಾರಿ ಮುಚ್ಚಿದೆ.

ಹಳೆಗಾಲಿ

ಹಾಗಿದ್ದರೆ ಕಲ್ಲಿದ್ದಲಿನದೇ ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ತಯಾರಾದ ಸೆಂಟಿನಲ್ ಉಗಿ ಲಾರಿಗಳನ್ನು ನೋಡಿ. 1930ರ ದಶಕದ ಎಸ್ ಮಾದರಿಯಲ್ಲಿ ಗಾಳಿ ತುಂಬಿದ ಟೈರು, ನಾಲ್ಕು ಸಿಲಿಂಡರ್, ಶಾಫ್ಟ್ ಡ್ರೈವ್ ಎಲ್ಲವೂ ಇದ್ದವು. ಗೇರ್ ಬದಲಿಸುವ ಗೋಜಿಲ್ಲದೆ ದಿಬ್ಬ ಹತ್ತುತ್ತಿದ್ದವು, ಏಕೆಂದರೆ ಉಗಿ ಎಂಜಿನ್ ನಿಂತಲ್ಲಿಂದಲೇ ಪೂರ್ಣ ಎಳೆತ ಕೊಡುತ್ತದೆ. ಅವುಗಳಿಗೆ ಪೆಟ್ಟು ಕೊಟ್ಟದ್ದು ತೂಕಕ್ಕೆ ತಕ್ಕಂತೆ ಏರಿಸಿದ ವಾಹನ ತೆರಿಗೆ. ಆದರೂ 1950ರ ಸುಮಾರಿಗೆ ಅರ್ಜೆಂಟೀನಾದ ರಿಯೊ ಟುರ್ಬಿಯೊ ಕಲ್ಲಿದ್ದಲ ಗಣಿಗೆಂದು ಇಂಥ ಲಾರಿಗಳನ್ನು ಮತ್ತೆ ತಯಾರಿಸಿಕೊಟ್ಟರು. ಗಣಿಯ ಬಾಗಿಲಲ್ಲೇ ಕಲ್ಲಿದ್ದಲು ಸಿಗುವಾಗ ದೂರದಿಂದ ಎಣ್ಣೆ ತರಿಸುವುದೇಕೆ? ಸೋವಿಯತ್ ಒಕ್ಕೂಟದವರೂ 1949ರಲ್ಲಿ ಕಾಡಿನ ಕೆಲಸಕ್ಕೆಂದು ಕಟ್ಟಿಗೆ ಸುಡುವ ಉಗಿ ಲಾರಿಯನ್ನು ಕಟ್ಟಿ ಪರೀಕ್ಷಿಸಿದರು.

ಬಾಯ್ಲರ್‌ಮನೆ

ಸೆಂಟಿನಲ್ ಒಳ್ಳೆಯ ಬಂಡಿ, ಒಪ್ಪುತ್ತೇನೆ. ಆದರೆ ತೆರಿಗೆ ಇಲ್ಲದಿದ್ದರೂ ಕೂಲಿಯ ಲೆಕ್ಕ ಉಳಿಯುತ್ತಿತ್ತು. ದೊಡ್ಡ ಎಳೆಯಂತ್ರಕ್ಕೆ ಬೆಳಗ್ಗೆ ಬೆಂಕಿ ಹಾಕಿ ಹಬೆ ಏರಿಸಲು ಎರಡು ಮೂರು ಗಂಟೆ ಬೇಕು. ಸಂಜೆ ಬೂದಿ ತೆಗೆಯಬೇಕು. ಆಗಾಗ ಬಾಯ್ಲರ್ ತಣಿಸಿ, ಒಳಗಿನ ಗಸಿ ತೊಳೆಯಬೇಕು. ಓಡುವಾಗ ಒಬ್ಬ ಚಾಲಕ, ಒಬ್ಬ ಫೈರ್‌ಮನ್. ಡೀಸೆಲ್ ಲಾರಿಗೆ ಒಬ್ಬ ಮನುಷ್ಯ, ಒಂದು ಕೀಲಿ. ನಿಮ್ಮ ನಾಡಿನಲ್ಲಿ ಡೀಸೆಲ್ ಇಲ್ಲವಾದ್ದರಿಂದ ಈ ಹೋಲಿಕೆ ಬರುವುದಿಲ್ಲ, ಆದರೆ ಯುದ್ಧಕಾಲದಲ್ಲಿ ತರಬೇತಾದ ಫೈರ್‌ಮನ್‌ಗಳಿಗೆ ರೈಲು ಇಲಾಖೆಯೂ ಕೈಚಾಚುತ್ತದೆ, ಸೈನ್ಯವೂ ಕೈಚಾಚುತ್ತದೆ. ಆ ಜಗಳವನ್ನು ಕಥೆಯಲ್ಲಿ ತನ್ನಿ.

ದಂಡಯಾತ್ರೆ

ತಾಪಮಾನ ಅವರ ಕೊನೆಯ ಮಾತಿನಿಂದ ನನಗೊಂದು ದಾರಿ ಹೊಳೆಯಿತು.

ಕಲ್ಲಿದ್ದಲು, ಕುಲುಮೆ ಇರುವ ನಾಡು ಪೂರ್ತಿ ದ್ರವ ಇಂಧನವಿಲ್ಲದ ನಾಡಲ್ಲ. ಕುಲುಮೆಗೆ ಕೋಕ್ (ಗಾಳಿಯಿಲ್ಲದೆ ಕಾಯಿಸಿದ ಕಲ್ಲಿದ್ದಲು) ಬೇಕು, ಕೋಕ್ ಒಲೆಯ ಅನಿಲದಿಂದ ಬೆಂಜಾಲ್ ಎಂಬ ಪೆಟ್ರೋಲಿನಂಥ ದ್ರವ ಸಿಗುತ್ತದೆ. ಜರ್ಮನಿ, ಬ್ರಿಟನ್ನುಗಳಲ್ಲಿ ಅದನ್ನು ಮೋಟಾರು ಇಂಧನವಾಗಿ ಬಳಸಿದ್ದಾರೆ. ರಸಾಯನಶಾಸ್ತ್ರ ಮುಂದುವರಿದಿದ್ದರೆ ಬೆರ್ಗಿಯುಸ್ ವಿಧಾನದಿಂದ ಕಲ್ಲಿದ್ದಲನ್ನೇ ಪೆಟ್ರೋಲ್ ಮಾಡಬಹುದು. ಜರ್ಮನಿಯ ಲೊಯ್ನಾದಲ್ಲಿ 1927ರಿಂದ ಮಾಡಿದರು. ಆದರೆ ಇವೆಲ್ಲ ದುಬಾರಿ, ಪ್ರಮಾಣವೂ ಅಲ್ಪ. ಆ ಅಲ್ಪವನ್ನು ಯಾರಿಗೆ ಕೊಡುತ್ತೀರಿ ಎಂಬುದೇ ನಿಮ್ಮ ನಾಡಿನ ಯುದ್ಧ ಮಂತ್ರಿಯ ಪ್ರಶ್ನೆ.

ನಾನಾಗಿದ್ದರೆ ಕವಚದ ಬಂಡಿಗೆ ಉಗಿ ಹಾಕುವುದೇ ಇಲ್ಲ. ಮಾರ್ಕ್ 1ರ ಒಳಗೆ ಪೆಟ್ರೋಲ್ ಎಂಜಿನ್ನಿನ ಜೊತೆಗೇ ಬಿಸಿ 50 ಡಿಗ್ರಿಯವರೆಗೆ ಏರುತ್ತಿತ್ತು. ಅದೇ ಪೆಟ್ಟಿಗೆಯಲ್ಲಿ ಕಲ್ಲಿದ್ದಲಿನ ಒಲೆಯನ್ನೂ, ಸಲಿಕೆ ಹಿಡಿದ ಮನುಷ್ಯನನ್ನೂ, ಗುಂಡು ತಾಗಿದರೆ ಸಿಡಿಯುವ ಬಾಯ್ಲರನ್ನೂ ಇಡುವುದು ಸೈನಿಕರಿಗೆ ಮಾಡುವ ಅನ್ಯಾಯ. ಮೇಲಾಗಿ ಚಿಮಣಿಯ ಹೊಗೆ, ಚಳಿಯಲ್ಲಿ ಬೆಳ್ಳಗೆ ಏಳುವ ಉಗಿ ಬಹುದೂರದ ಫಿರಂಗಿಗೂ ಜಾಗ ತೋರಿಸುತ್ತವೆ. ದಾಳಿ ಯಾವಾಗ ಎಂದು ಗೊತ್ತಿಲ್ಲದ ಕಡೆ ಇಡೀ ರಾತ್ರಿ ಬೆಂಕಿ ಆರದಂತೆ ಕಾಯಬೇಕಾಗುತ್ತದೆ. ಆದ್ದರಿಂದ ಬೆಂಜಾಲ್ ಎಲ್ಲ ಟ್ಯಾಂಕಿಗೆ, ವಿಮಾನಕ್ಕೆ.

ಅದಿರು, ದಿಮ್ಮಿ, ಮದ್ದುಗುಂಡು, ಸೇತುವೆಯ ಸಾಮಾನು ಎಲ್ಲವನ್ನೂ ಉಗಿ ಎಳೆಯಲಿ. ಹಿಂಬದಿಯ ಸಣ್ಣ ವಾಹನಗಳಿಗೆ ಕಟ್ಟಿಗೆ ಅನಿಲ, ಅಂದರೆ ಕಟ್ಟಿಗೆಯನ್ನು ಅರೆಬರೆ ಉರಿಸಿ ಪಡೆದ ಅನಿಲ. ಎರಡನೇ ಮಹಾಯುದ್ಧದ ಕೊನೆಗೆ ಜರ್ಮನಿಯಲ್ಲಿ ಸುಮಾರು ಐದು ಲಕ್ಷ ವಾಹನಗಳು ಅದರಲ್ಲೇ ಓಡುತ್ತಿದ್ದವು, ಟ್ಯಾಂಕು ಚಾಲಕರ ತರಬೇತಿಗೂ ಅದನ್ನು ಬಳಸಿದರು. ಉಗಿಬಂಡಿ ಒಂದೊಂದು ಟನ್ ಸರಕನ್ನು ಹೊತ್ತಾಗಲೆಲ್ಲ ಒಂದಿಷ್ಟು ದ್ರವ ಇಂಧನ ರಣರಂಗಕ್ಕೆ ಉಳಿಯುತ್ತದೆ. ಯುದ್ಧದಲ್ಲಿ ಉಗಿಬಂಡಿಯ ಕೊಡುಗೆ ಅದು, ಸಣ್ಣದಲ್ಲ.

ಮಸಿಕುಡಿಕೆ

ಕವಚದ ಉಗಿಬಂಡಿಯ ಅಧ್ಯಾಯವನ್ನು ತೆಗೆದುಹಾಕುತ್ತಿದ್ದೇನೆ. ಅದರ ಜಾಗದಲ್ಲಿ ಮಲೆದಾರಿಯಲ್ಲಿ ರಾತ್ರಿ ಮದ್ದುಗುಂಡು ಸಾಗಿಸುವ ಎಳೆಬಂಡಿಗಳ ಸಾಲು ಬರುತ್ತದೆ. ಶತ್ರು ಬಾವಿಗಳನ್ನು ಕೆಡಿಸಿ ಹೋಗಿರುತ್ತಾನೆ. ಬಾಯ್ಲರ್‌ಮನೆ ಸರ್, ನೀರು ಕಡಿಮೆಯಿರುವ ಬಂಡಿಯೊಂದು ಘಾಟಿ ಇಳಿಯುವಾಗ ಒಳಗೆ ಏನಾಗುತ್ತದೆ? ಯಾರ ತಪ್ಪಿನಿಂದ ಅನಾಹುತವಾಗುತ್ತದೆ?

ಬಾಯ್ಲರ್‌ಮನೆ

ಎಳೆಯಂತ್ರದಲ್ಲಿ ಬೆಂಕಿಗೂಡು ಹಿಂದೆ, ಚಿಮಣಿ ಮುಂದೆ. ಗೂಡಿನ ಮೇಲ್ಚಾವಣಿಯ ತಗಡು ಸದಾ ನೀರಿನಲ್ಲಿ ಮುಳುಗಿರಬೇಕು. ಕೆಳಗೆ ಉರಿ, ಮೇಲೆ ನೀರು ಇದ್ದಷ್ಟು ಹೊತ್ತು ಆ ತಗಡು ತಡೆದುಕೊಳ್ಳುತ್ತದೆ. ಬಂಡಿ ಇಳಿಜಾರಿಗೆ ಮೂತಿ ಬಗ್ಗಿಸಿದ ಕೂಡಲೇ ನೀರೆಲ್ಲ ಮುಂದಕ್ಕೆ ಹರಿಯುತ್ತದೆ. ಸಮತಟ್ಟಿನಲ್ಲಿ ಸಾಕೆನಿಸಿದ್ದ ನೀರು ಇಳಿಜಾರಿನಲ್ಲಿ ಸಾಲದು, ಮೇಲ್ಚಾವಣಿ ಬರಿದಾಗುತ್ತದೆ. ಕೆಲವೇ ನಿಮಿಷಗಳಲ್ಲಿ ತಗಡು ಕೆಂಪಗೆ ಕಾದು ಮೆತ್ತಗಾಗಿ, ಒತ್ತಡಕ್ಕೆ ಕೆಳಗೆ ಬಾಗುತ್ತದೆ. ತಗಡು ಹರಿದುಹೋಯಿತೆಂದರೆ ಬಾಯ್ಲರಿನ ಬಿಸಿನೀರಿನ ಒಂದು ಪಾಲು ಒಮ್ಮೆಗೇ ಹಬೆಯಾಗಿ ಸಿಡಿಯುತ್ತದೆ.

ಇದನ್ನು ತಡೆಯಲೆಂದೇ ಮೇಲ್ಚಾವಣಿಯಲ್ಲಿ ಕರಗುವ ಲೋಹದ ಒಂದು ಬೆಣೆ ಇಡುತ್ತಾರೆ. ನೀರು ತಪ್ಪಿದರೆ ಅದು ಕರಗಿ, ಹಬೆ ಬೆಂಕಿಗೂಡಿಗೆ ನುಗ್ಗಿ ಎಚ್ಚರಿಸಬೇಕು. ಆದರೆ ಅದರ ಮೇಲೆ ಸುಣ್ಣದ ಪದರ ಕಟ್ಟಿದರೆ ಕೆಲಸ ಮಾಡುವುದಿಲ್ಲ. 2001ರ ಜುಲೈನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಮೆಡೈನಾದಲ್ಲಿ ಪ್ರದರ್ಶನಕ್ಕೆ ತಂದಿದ್ದ ಹಳೆಯ ಕೇಸ್ ಎಂಜಿನ್ ಸಿಡಿದು ಐವರು ಸತ್ತರು. ನೀರು ಕಡಿಮೆಯಾಗಿತ್ತು, ತಗಡು ಸವೆದು ತೆಳುವಾಗಿತ್ತು, ಬೆಣೆಯೂ ಕೆಟ್ಟಿತ್ತು.

ನಿಮ್ಮ ಕಥೆಯಲ್ಲಿ ತಪ್ಪನ್ನು ಚಾಲಕನೊಬ್ಬನ ತಲೆಗೆ ಕಟ್ಟಬೇಡಿ. ಬಾವಿ ಕೆಟ್ಟಿದ್ದರಿಂದ ಅವರು ಹಳ್ಳದ ಗಡಸು ನೀರು ತುಂಬಿಕೊಂಡಿರುತ್ತಾರೆ, ಸರಕು ತಡವಾಯಿತೆಂದು ಮೇಲಧಿಕಾರಿ ಬಾಯ್ಲರ್ ತೊಳೆಯಲು ಬಿಟ್ಟಿರುವುದಿಲ್ಲ. ಅನುಭವಿ ಫೈರ್‌ಮನ್ ಆದರೆ ಘಾಟಿಯ ತಲೆಯಲ್ಲೇ ಬಂಡಿ ನಿಲ್ಲಿಸಿ, ಗೇಜ್ ಗ್ಲಾಸಿನ ಕೆಳಗಿನ ನಲ್ಲಿ ತಿರುಗಿಸಿ ನೀರು ನಿಜವಾಗಿ ಎಷ್ಟಿದೆ ಎಂದು ನೋಡುತ್ತಾನೆ, ಟ್ಯಾಂಕಿಯಲ್ಲಿ ಉಳಿದಷ್ಟನ್ನೂ ಬಾಯ್ಲರಿಗೆ ಏರಿಸುತ್ತಾನೆ, ಬೆಂಕಿಯನ್ನು ತಗ್ಗಿಸಿಕೊಂಡೇ ಇಳಿಯುತ್ತಾನೆ. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಹಿಂದಿನ ಬಂಡಿಗಳೆಲ್ಲ ಕತ್ತಲಲ್ಲಿ ಕಾಯಬೇಕು.